ಹಳೆಯ ಕಾರ್ಡಿಗೆ ಅಡಕತ್ತರಿ

ಬ್ಯಾಂಕಿಗೆ ಹೊಸದಾಗಿ ಸೇರುವವರಿಗೆ ತರಬೇತಿಯಲ್ಲಿ ಎಲ್ಲವನ್ನೂ ಹೇಳಿಕೊಡುತ್ತಾರೆ. ಖಾತೆ ತೆರೆಯುವುದು, ಸಾಲದ ಅರ್ಜಿ ನೋಡುವುದು, ಸಿಟ್ಟಿನಿಂದ ಬಂದ ಗಿರಾಕಿಯ ಮುಂದೆ ನಗುಮುಖ ಇಟ್ಟುಕೊಳ್ಳುವುದು, ಎಲ್ಲಕ್ಕೂ ಒಂದೊಂದು ಪಾಠವಿದೆ. ಎಟಿಎಂ ಕಾರ್ಡು ಹುಟ್ಟುವುದು ಹೇಗೆ ಎಂಬುದಕ್ಕೂ ಪಾಠವಿದೆ. ಅದು ಸತ್ತ ಮೇಲೆ ಎಲ್ಲಿಗೆ ಹೋಗಬೇಕು ಎಂದು ಮಾತ್ರ ನನಗೆ ಯಾರೂ ಹೇಳಿಕೊಡಲಿಲ್ಲ. ನಾನೇ ಕಲಿತೆ. ಕಡೂರಿನಲ್ಲಿ ಎಡವಟ್ಟು ಮಾಡಿಕೊಂಡು ಕಲಿತೆ, ತರೀಕೆರೆಯಲ್ಲಿ ಜಗಳವಾಡಿ ಕಲಿತೆ, ಅಜ್ಜಂಪುರದಲ್ಲಿ ಗೆದ್ದೆ. ಗೆದ್ದೆ ಎಂದು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಬಡ್ತಿ, ವರ್ಗಾವಣೆಗಳ ವಿವರವೆಲ್ಲ ಪಿಂಚಣಿ ಕಾಗದದಲ್ಲಿದೆ, ಅದನ್ನು ಓದಿ ಯಾರಿಗೂ ಏನೂ ಆಗಬೇಕಾಗಿಲ್ಲ. ಇದನ್ನು ಓದಿ.

ಕಡೂರಿನ ನಮ್ಮ ಶಾಖೆಗೆ ಮಾರುಕಟ್ಟೆಗೆ ಕೊಬ್ಬರಿ ತಂದವರು, ಅಡಕೆ ಮಂಡಿಗೆ ಬಂದವರು, ರೈಲು ತಪ್ಪಿಸಿಕೊಂಡವರು, ಬರೀ ಫ್ಯಾನಿನ ಕೆಳಗೆ ಕೂರಲು ಬಂದವರು, ಎಲ್ಲರೂ ಬರುತ್ತಿದ್ದರು. ಕಾರ್ಡು ಹೊಸದಾಗಿ ಬಂದ ಕಾಲ. ಜನ ಅದನ್ನು ಚಿನ್ನದ ಒಡವೆಯ ಹಾಗೆ ಬಟ್ಟೆಯಲ್ಲಿ ಸುತ್ತಿ, ಆ ಬಟ್ಟೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಗುಟ್ಟಿನ ನಂಬರು ಬರೆದ ಚೀಟಿಯನ್ನೂ ಅದರ ಜೊತೆಗೇ ಇಡುತ್ತಿದ್ದರು. ಬೀಗ ಹಾಕಿ ಕೀಲಿಯನ್ನು ಅದರ ಮೇಲೆಯೇ ಬಿಡುವುದು ಅಂದರೆ ಇದೇ ಎಂದು ನಾನು ಬಾಯಿ ನೋಯುವಷ್ಟು ಸಲ ಹೇಳಿದ್ದೇನೆ.

ವಿಳಾಸ ಸಿಗದೆ ಅಂಚೆಯಲ್ಲಿ ವಾಪಸ್ಸು ಬಂದ ಕಾರ್ಡುಗಳು, ಅವಧಿ ಮುಗಿದವು, ಯಂತ್ರ ನುಂಗಿಕೊಂಡವು ಎಲ್ಲ ನನ್ನ ಮೇಜಿಗೆ ಬರುತ್ತಿದ್ದವು. ಇಬ್ಬರು ಅಧಿಕಾರಿಗಳ ಎದುರಿಗೆ ಅವನ್ನು ತುಂಡು ಮಾಡಬೇಕು ಎಂಬುದು ನಿಯಮ. ತುಂಡು ಮಾಡಿದ್ದು ಎಲ್ಲಿಗೆ ಹೋಗಬೇಕು ಎಂಬ ಬಗ್ಗೆ ನಿಯಮ ಬಾಯಿ ಮುಚ್ಚಿಕೊಂಡಿತ್ತು. ನಮ್ಮ ಮ್ಯಾನೇಜರು ಶ್ರೀಪತಿಯವರು ಒಳ್ಳೆಯವರೇ, ಆದರೆ ಅವರ ಮಟ್ಟಿಗೆ ಕಾರ್ಡು ಎರಡು ತುಂಡಾದ ಕ್ಷಣಕ್ಕೆ ಪ್ರಪಂಚದಿಂದಲೇ ಮಾಯವಾಗುತ್ತಿತ್ತು. ಕಸ ಗುಡಿಸುವವರು ಆ ತುಂಡುಗಳನ್ನು ರದ್ದಿ ಕಾಗದದ ಜೊತೆ ಹಿತ್ತಲಿನಲ್ಲಿ ಸುಡುತ್ತಿದ್ದರು. ಕರಿ ಹೊಗೆ ಏಳುತ್ತಿತ್ತು, ಮೂಗು ಸುಲಿದುಹೋಗುವಂಥ ವಾಸನೆ. ಒಂದು ದಿನ ಹಿಂದಿನ ಅಂಗಡಿಯ ದರ್ಜಿ ಗಿರಾಕಿಗಳೆಲ್ಲರ ಎದುರಿಗೆ ಒಳಗೆ ಬಂದು ಬಹಳ ವಿನಯವಾಗಿ ಹೇಳಿದ: "ನೀವ್ ಅದೇನ್ ಸುಡ್ತಿದೀರೋ ಗೊತ್ತಿಲ್ಲ ಸಾರ್, ನನ್ನ ಹೊಲಿಗೆ ಮಿಷನ್ನೂ ಕೆಮ್ಮಕ್ ಶುರು ಮಾಡೈತೆ."

ಎಲ್ಲರೂ ನಕ್ಕರು. ನನಗೆ ಮಾತ್ರ ನಾಚಿಕೆಯಾಯಿತು. ಅಂದಿನಿಂದ ಸುಡುವುದನ್ನು ನಿಲ್ಲಿಸಿದೆ. ಹಾಗೆಂದು ಪುರಸಭೆಯ ಗಾಡಿಗೆ ಹಾಕಿದರೆ ಅದು ಹಸಿ ಕಸದ ಜೊತೆ ಸೇರಿ ಗೊಬ್ಬರದ ಗುಂಡಿಗೆ ಹೋಗುತ್ತಿತ್ತು. ಗುಜರಿಯವನು ಅದನ್ನು ಕೈಯಲ್ಲಿ ಹಿಡಿದು ನೋಡಿ ಬೇಡ ಎಂದ. ಇದು ಹಾಲಿನ ಕವರಿನಂಥ ಪ್ಲಾಸ್ಟಿಕ್ ಅಲ್ಲ, ಹಾಳೆ ಹಾಳೆ ಅಂಟಿಸಿದ ಪಿವಿಸಿ, ಹಿಂದೆ ಕರಿ ಮ್ಯಾಗ್ನೆಟಿಕ್ ಪಟ್ಟಿ ಬೇರೆ ಇದೆ, ಉಳಿದ ಪ್ಲಾಸ್ಟಿಕ್ಕಿನ ಜೊತೆ ಬೆರೆತರೆ ಪೂರ್ತಿ ಮೂಟೆಯೇ ಕೆಡುತ್ತದೆ ಎಂದು ಹೇಳಿದವನು ಅವನೇ.

ಆ ಕಾಲದ ನನ್ನ ದೊಡ್ಡ ಎಡವಟ್ಟನ್ನೂ ಹೇಳಿಬಿಡುತ್ತೇನೆ, ಹೊಸಬರು ನಗಲಿ. ಪಂಚನಹಳ್ಳಿ ಕಡೆಯ ತೆಂಗಿನಕಾಯಿ ವ್ಯಾಪಾರಿಯೊಬ್ಬರು ಹೊಸ ಕಾರ್ಡು ತೆಗೆದುಕೊಳ್ಳಲು ಬಂದಿದ್ದರು. ಹಳೆಯದನ್ನು ಇಲ್ಲೇ ತುಂಡು ಮಾಡಿಸಿಕೊಂಡು ಹೋಗಿ ಎಂದು ಅವರಿಗೆ ಉದ್ದಕ್ಕೆ ಉಪದೇಶ ಮಾಡಿದೆ. ಮಾತಿನ ಭರದಲ್ಲಿ ಕತ್ತರಿ ಆಡಿಸಿದ್ದು ಹೊಸ ಕಾರ್ಡಿನ ಮೇಲೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. "ಇರ್ಲಿ ಬಿಡಿ ಮೇಡಂ, ಹಳೇದಕ್ಕೆ ಆಯಸ್ಸು ಗಟ್ಟಿ" ಎಂದು ಅವಧಿ ಮುಗಿದ ಕಾರ್ಡನ್ನೇ ಜೇಬಿಗಿಟ್ಟುಕೊಂಡು ಹೋದರು. ಅಲ್ಲಿಂದ ಮುಂದೆ ನಾನು ಒಂದು ಕ್ರಮ ಮಾಡಿಕೊಂಡೆ. ಮೊದಲು ಹಳೆಯ ಕಾರ್ಡನ್ನು ಕಂಪ್ಯೂಟರಿನಲ್ಲಿ ಬಂದ್ ಮಾಡುವುದು, ಅದು ಸತ್ತಿದೆ ಎಂದು ಪರದೆಯ ಮೇಲೆ ಕಂಡ ಮೇಲೆಯೇ ಕೈಯಲ್ಲಿರುವುದನ್ನು ಕತ್ತರಿಸುವುದು. ಈಗಲೂ ಇದೇ ಸರಿ. ತುಂಡು ಮಾಡಿದ ಕಾರ್ಡು ಸತ್ತಿದೆ ಎಂದು ನಂಬಬೇಡಿ, ಬಂದ್ ಮಾಡದ ಕಾರ್ಡಿನ ನಂಬರು ಇನ್ನೂ ಉಸಿರಾಡುತ್ತಿರುತ್ತದೆ.

ತರೀಕೆರೆಗೆ ಹೋದಾಗ ಬೇರೆಯೇ ಹುಚ್ಚು ಎದುರಾಯಿತು. ಕಾರ್ಡಿನ ಮೇಲಿನ ಆ ಹಳದಿ ಚೌಕವಿದೆಯಲ್ಲ, ಅದು ಅಪ್ಪಟ ಚಿನ್ನ ಎಂದು ಯಾರೋ ಫೋನಿನಲ್ಲಿ ವಿಡಿಯೋ ಹರಿಬಿಟ್ಟಿದ್ದರು. ಊರಿಗೆ ಊರೇ ಹಳೆಯ ಕಾರ್ಡು ಹುಡುಕಲು ನಿಂತಿತು. ಸಂಜೆಯಾದರೆ ಬೀದಿ ಮೂಲೆಯಲ್ಲಿ ಡಬ್ಬಿಯೊಳಗೆ ಕಾರ್ಡು ಸುಡುವ ಹೊಗೆ. ನಮ್ಮ ಶಾಖೆಯ ಎದುರಿಗೆ ಹೂವು ಮಾರುತ್ತಿದ್ದ ಹೆಂಗಸಿಗೆ ಮೊದಲೇ ಉಬ್ಬಸ. ಆಕೆ ಹೂವಿನ ಬುಟ್ಟಿ ಎತ್ತಿಕೊಂಡು ಬೇರೆ ಬೀದಿಗೆ ಹೋಗಿ ಕೂರುವಂತಾಯಿತು.

ಮ್ಯಾನೇಜರಿಗೆ ಹೇಳಿದರೆ ಊರಿನವರು ಬೀದಿಯಲ್ಲಿ ಏನು ಸುಟ್ಟರೂ ಅದು ಬ್ಯಾಂಕಿನ ತಲೆನೋವಲ್ಲ ಎಂದರು. ನನಗೆ ರೇಗಿತು. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯವರು ಹೇಳುವುದು ಸುಳ್ಳಲ್ಲ. ಒಂದು ಹಿಡಿ ತುಂಡು ಕಾರ್ಡುಗಳನ್ನು ತೆಗೆದುಕೊಂಡು ಪೇಟೆಯ ಅಕ್ಕಸಾಲಿಗ ಮಂಜಣ್ಣಾಚಾರಿಗಳ ಅಂಗಡಿಗೆ ನೇರ ನಡೆದೆ. ಸಂತೆಯ ದಿನ, ಜನವೂ ಇದ್ದರು. ಇದನ್ನು ಒರೆಗಲ್ಲಿಗೆ ಉಜ್ಜಿ ಎಲ್ಲರಿಗೂ ಕೇಳುವ ಹಾಗೆ ಹೇಳಿ ಎಂದೆ. ಅವರು ಉಜ್ಜಿದರು, ಕನ್ನಡಕ ಏರಿಸಿ ನೋಡಿದರು. "ನೀರು ಕುಡ್ಸಿದಂಗೆ ಎಲ್ಲೋ ಒಂಚೂರು ಬಣ್ಣ ಐತೆ. ಇದ್ರಲ್ಲಿರೋ ಚಿನ್ನ ತೆಗೀಬೇಕು ಅಂದ್ರೆ ನನ್ನಂಗಡೀಲಿರೋ ಚಿನ್ನ ಮಾರ್ಬೇಕಾಯ್ತದೆ" ಎಂದರು. ವಿಡಿಯೋ ಹರಡಿದ್ದಕ್ಕಿಂತ ಬೇಗ ಆ ಮಾತು ಹರಡಿತು. ವಾರ ಕಳೆಯುವಷ್ಟರಲ್ಲಿ ಹೂವಿನವಳು ತನ್ನ ಜಾಗಕ್ಕೆ ವಾಪಸ್ಸು ಬಂದಳು.

ಸುಡಬೇಡಿ ಎಂದರೆ ಸಾಲದು, ಮತ್ತೇನು ಮಾಡಬೇಕು ಎಂದೂ ಹೇಳಬೇಕಲ್ಲ. ಬೆಂಗಳೂರಿಗೆ ತರಬೇತಿಗೆ ಹೋದಾಗ ಊಟದ ಬಿಡುವಿನಲ್ಲಿ ಕೇಳಿ ಕೇಳಿ, ನಗರದ ಹೊರಗೆ ಪಿವಿಸಿ ಕಾರ್ಡುಗಳನ್ನೇ ಅರೆದು ಹಲಗೆ ಮಾಡುವ ಒಂದು ಸಣ್ಣ ಕಾರ್ಖಾನೆ ಪತ್ತೆಮಾಡಿದೆ. ಅದರ ಮಾಲೀಕರು ತಮಿಳು ಬೆರೆತ ಕನ್ನಡ ಮಾತಾಡುವ ನಿಧಾನಿ ಮನುಷ್ಯ. ಅವರ ಷರತ್ತುಗಳು ಸರಳವಾಗಿದ್ದವು. ಕಾರ್ಡು ಮಾತ್ರ ಇರಬೇಕು, ಕಾಗದಕ್ಕೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ ಗುರುತಿನ ಚೀಟಿ ಬೇಡ. ಆ ಹಳದಿ ಚೌಕದ ಎಲೆಕ್ಟ್ರಾನಿಕ್ ಚಿಪ್ಪಿರುವ ಭಾಗವನ್ನು ಬೇರೆ ಕತ್ತರಿಸಿ ಕೊಡಬೇಕು, ಅದು ಎಲೆಕ್ಟ್ರಾನಿಕ್ ಕಸದ ದಾರಿ ಹಿಡಿಯುತ್ತದೆ. ಮೂಟೆ ತುಂಬಿದ ಮೇಲೆ ತರಬೇಕು. ಸಿಮ್ ಕಾರ್ಡನ್ನು ಕಿತ್ತುಕೊಂಡ ಮೇಲೆ ಉಳಿಯುವ ಚೌಕಟ್ಟನ್ನು ಬೇರೆ ಚೀಲದಲ್ಲಿ ತಂದರೆ ಅದಕ್ಕೂ ಅವರಲ್ಲಿ ದಾರಿ ಇತ್ತು.

ತರೀಕೆರೆಯ ಶಾಖೆಯಲ್ಲಿ ಒಂದು ಪೆಟ್ಟಿಗೆ ಇಟ್ಟೆ. ಅರ್ಧ ಕಾರ್ಡು ಮಾತ್ರ ತೂರುವಷ್ಟು ಸಣ್ಣ ಸೀಳು ಬಿಡಿಸಿದ್ದೆ, ಇಡೀ ಕಾರ್ಡು ಒಳಗೆ ಹೋಗುವ ಹಾಗೇ ಇರಲಿಲ್ಲ. ಕತ್ತರಿಯನ್ನು ಪಕ್ಕದಲ್ಲೇ ದಾರ ಕಟ್ಟಿ ನೇತುಹಾಕಿದೆ. ಮೊದಲ ಸಲ ಬೀಗ ತೆಗೆದಾಗ ಒಳಗೆ ಬಸ್ ಟಿಕೆಟ್ಟು, ಕಡಲೆಕಾಯಿ ಸಿಪ್ಪೆ, ಮದುವೆ ಕರೆಯೋಲೆಯ ತುಂಡು ಮತ್ತು ಮ್ಯಾನೇಜರಿಗೆ ಬರೆದ ಒಂದು ದೂರಿತ್ತು. ಕಾರ್ಡಿನ ತುಂಡುಗಳು ಬೆರಳಲ್ಲಿ ಎಣಿಸುವಷ್ಟು. ಪಟ್ಟು ಬಿಡಲಿಲ್ಲ. ಕಡೂರಿನ ಹಳೆಯ ಸಹೋದ್ಯೋಗಿಗಳ ಕೈಕಾಲು ಹಿಡಿದು ಅಲ್ಲೂ ಒಂದು ಪೆಟ್ಟಿಗೆ ಇಡಿಸಿದೆ. ಅಷ್ಟರಲ್ಲಿ ನನಗೆ ಕಾರ್ಡ್ ಮೇಡಂ ಎಂಬ ಹೆಸರು ಬಿದ್ದಿತ್ತು. ಮೊದಲು ಅದು ಗೇಲಿ, ಆಮೇಲೆ ವಿಳಾಸ.

ಅಜ್ಜಂಪುರ ನನ್ನ ಕೊನೆಯ ಊರು. ಅಲ್ಲಿಗೆ ಹೋದ ಬೇಸಿಗೆಯಲ್ಲೇ, ಮಧ್ಯಾಹ್ನದ ಹೊತ್ತಿಗೆ, ಸೆರಗನ್ನು ಸೊಂಟಕ್ಕೆ ಬಿಗಿದ ಹೆಂಗಸೊಬ್ಬರು ಶಾಖೆಯೊಳಗೆ ಬಂದು ನನ್ನ ಮೇಜಿನ ಮೇಲೆ ಕೆಸರು ಮೆತ್ತಿದ ಒಂದು ಬಕೆಟ್ಟು ಇಟ್ಟರು. ಒಳಗೆ ನೋಡಿದರೆ ಎಟಿಎಂ ಕಾರ್ಡುಗಳು. ಬಕೆಟ್ಟಿನ ಅರ್ಧಕ್ಕೆ ಬರುವಷ್ಟು.

"ನಿಮ್ ಸಾಮಾನು ನಮ್ ಕಲ್ಯಾಣೀಲಿತ್ತು ಮೇಡಮ್ಮೋರೆ. ತಗೊಳ್ಳಿ" ಎಂದರು.

ಅವರು ಗೌರಮ್ಮ. ಅಜ್ಜಂಪುರದ ಹತ್ತಿರದ ಒಂದು ಹಳ್ಳಿಯ ಸ್ತ್ರೀಶಕ್ತಿ ಸಂಘದ ಮುಖ್ಯಸ್ಥೆ. ಅವರ ಊರಿನ ದೇವಸ್ಥಾನದ ಮುಂದೆ ಮೆಟ್ಟಿಲಿನ ಕಲ್ಯಾಣಿ ಇದೆ. ಬಹಳ ವರ್ಷದಿಂದ ಹೂಳು ತುಂಬಿ ತಿಪ್ಪೆಯಂತಾಗಿತ್ತು. ಗೌರಮ್ಮ ತಮ್ಮ ಸಂಘದ ಹೆಂಗಸರನ್ನು ಕಟ್ಟಿಕೊಂಡು, ಉದ್ಯೋಗ ಖಾತ್ರಿ ಕೆಲಸದಲ್ಲಿ ಅದರ ಹೂಳು ಎತ್ತಿಸುತ್ತಿದ್ದರು. ಅವರ ಕೇರಿಯ ಬೋರ್‌ವೆಲ್ ಕಲ್ಯಾಣಿಯ ಪಕ್ಕದಲ್ಲೇ ಇತ್ತು. ಕಲ್ಯಾಣಿಯಲ್ಲಿ ನೀರು ನಿಂತರೆ ಬೋರಿಗೂ ನೀರು, ಇಲ್ಲದಿದ್ದರೆ ಹೆಂಗಸರೆಲ್ಲ ಊರಾಚೆಯ ತೋಟದಿಂದ ಕೊಡ ಹೊತ್ತು ತರಬೇಕು. ಗೌರಮ್ಮ ಮದುವೆಯಾಗಿ ಬಂದ ದಿನದಿಂದ ಆ ಕೊಡ ಹೊತ್ತವರು. ತಮ್ಮ ಸೊಸೆ ಹೊರಬಾರದು ಎಂಬುದು ಅವರ ಹಟ.

ಆದರೆ ಗ್ರಾಮ ಪಂಚಾಯ್ತಿಯ ಅಧ್ಯಕ್ಷ ರುದ್ರಪ್ಪನವರ ಕಣ್ಣು ಅದೇ ಜಾಗದ ಮೇಲಿತ್ತು. ಕಲ್ಯಾಣಿ ಮುಚ್ಚಿಸಿ ರಸ್ತೆಗೆ ಮುಖ ಮಾಡಿ ಮಳಿಗೆ ಕಟ್ಟಿಸಿದರೆ ಊರಿಗೆ ಬಾಡಿಗೆ ಬರುತ್ತದೆ ಎಂಬುದು ಅವರ ವಾದ. ಕೆಟ್ಟ ಮನುಷ್ಯರೇನಲ್ಲ, ಸಿಮೆಂಟಿನ ಮೇಲೆ ಪ್ರೀತಿ ಜಾಸ್ತಿ ಅಷ್ಟೆ. ಹೂಳಿನಲ್ಲಿ ಕಾರ್ಡುಗಳು ಸಿಕ್ಕಿದ್ದೇ ತಡ, ನೀವು ಎತ್ತಿದಷ್ಟೂ ಜನ ತುಂಬುತ್ತಾರೆ, ಕಸದ ಗುಂಡಿಗೆ ಕಾವಲು ಯಾರು ಕಾಯುತ್ತಾರೆ ಎಂದು ಅವರು ಗ್ರಾಮಸಭೆಯಲ್ಲಿ ಎದ್ದು ನಿಂತರು. ಎಷ್ಟೋ ಕಾರ್ಡುಗಳ ಮೇಲಿನ ಹೆಸರು ಇನ್ನೂ ಓದಲು ಬರುತ್ತಿತ್ತು. ತಮ್ಮ ತಮ್ಮ ಹೆಸರು ಕಂಡವರು ಮೆಲ್ಲಗೆ ಜಾಗ ಖಾಲಿ ಮಾಡಿದರಂತೆ.

ಜನ ಅದನ್ನು ಕಸ ಎಂದು ಎಸೆದಿರಲಿಲ್ಲ ಎಂಬುದು ನನಗೆ ಗೊತ್ತಾಗಿದ್ದು ಗೌರಮ್ಮನವರ ಬಾಯಿಂದ. ಆಯುಧಪೂಜೆಯ ದಿನ ನೇಗಿಲು, ಮಚ್ಚು, ಗಾಡಿಯ ಜೊತೆ ಎಟಿಎಂ ಕಾರ್ಡನ್ನೂ ಇಟ್ಟು ಪೂಜೆ ಮಾಡುವುದು ಆ ಊರಿನಲ್ಲಿ ರೂಢಿಯಾಗಿಬಿಟ್ಟಿತ್ತು. ಲಕ್ಷ್ಮಿ ಬರುವ ದಾರಿಯಲ್ಲವೇ. ಅವಧಿ ಮುಗಿದ ಕಾರ್ಡನ್ನು ತಿಪ್ಪೆಗೆ ಹಾಕುವಂತಿಲ್ಲ, ಸುಡುವಂತಿಲ್ಲ. ಅಂದೇ ಸಂಜೆ ಪೂಜೆಯ ಹೂವಿನ ಜೊತೆ ಕಲ್ಯಾಣಿಯಲ್ಲಿ ನಿಂತ ಮಳೆ ನೀರಿಗೆ ಬಿಡುತ್ತಿದ್ದರು. ಹೂವು ಕೊಳೆಯುತ್ತದೆ, ಕಾರ್ಡು ಕೊಳೆಯುವುದಿಲ್ಲ. ತೇಲುವುದೂ ಇಲ್ಲ, ನೇರ ತಳಕ್ಕೆ ಇಳಿದು ಕೂರುತ್ತದೆ. ಆದ್ದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಗ್ರಾಮಸಭೆಯಲ್ಲಿ ಕೊನೆಗೆ ಒಂದು ಮಾತಾಯಿತು. ಈ ಸಲದ ವಿಜಯದಶಮಿಯ ಬೆಳಿಗ್ಗೆ ಕಲ್ಯಾಣಿಯ ತಳ ಕೆದಕಿ ನೋಡುವುದು. ಒಂದೇ ಒಂದು ಕಾರ್ಡು ಸಿಕ್ಕರೂ ಮಳಿಗೆಗೆ ಗೌರಮ್ಮ ಅಡ್ಡ ಬರುವಂತಿಲ್ಲ. ಸಿಗದಿದ್ದರೆ ಕಲ್ಯಾಣಿಯ ಸುದ್ದಿಗೆ ಅಧ್ಯಕ್ಷರು ಬರುವಂತಿಲ್ಲ. ಹಾಗೆ ಒಪ್ಪಿಕೊಂಡು ಗೌರಮ್ಮ ಸೀದಾ ನನ್ನ ಹತ್ತಿರ ಬಂದಿದ್ದರು. ಕಾರ್ಡು ಕೊಡುವವರು ನೀವು, ದಾರಿಯನ್ನೂ ನೀವೇ ತೋರಿಸಬೇಕು ಎಂದರು. ಒಪ್ಪಿಕೊಂಡೆ.

ಮುಂದಿನ ಭಾನುವಾರವೇ ಊರಿನ ಅರಳಿಕಟ್ಟೆಯ ಮೇಲೆ ಪೆಟ್ಟಿಗೆ, ಕತ್ತರಿ, ಬ್ಯಾಂಕಿನ ಟ್ಯಾಬ್ ಇಟ್ಟುಕೊಂಡು ಕೂತೆ. ಜನ ಬಂದರು. ಮನೆಯ ದೇವರ ಗೂಡಿನಲ್ಲಿ, ಅಕ್ಕಿ ಡಬ್ಬದಲ್ಲಿ, ಪಂಚಾಂಗದ ನಡುವೆ ಇಟ್ಟಿದ್ದ ಹಳೆಯ ಕಾರ್ಡುಗಳನ್ನು ತಂದರು, ನನಗೆ ತೋರಿಸಿದರು, ವಾಪಸ್ಸು ತೆಗೆದುಕೊಂಡು ಹೋದರು. ಕತ್ತರಿ ಕಂಡ ಕೂಡಲೇ ಕೈ ಹಿಂದಕ್ಕೆ ಹೋಗುತ್ತಿತ್ತು. ಊರಿನಲ್ಲಿ ಎಲ್ಲರೂ ಮಾತು ಕೇಳುವ ನಿಂಗಜ್ಜಿ ಎಂಬ ಹಿರಿಯರು ತಮ್ಮ ಪಿಂಚಣಿಯ ಹಳೆಯ ಕಾರ್ಡನ್ನು ಎದೆಗೆ ಒತ್ತಿಕೊಂಡು ನಿಂತಿದ್ದರು.

"ಇದು ನಂಗೆ ಅನ್ನ ಹಾಕೈತೆ ಕಣವ್ವ. ಇದಕ್ ಕತ್ತರಿ ಹಾಕಕ್ ಬಂದಿದೀಯಲ್ಲ, ನಿಂಗೆ ಮನ್ಸಾದ್ರೂ ಹೆಂಗ್ ಬಂತು?"

ಬಿಸಿಲಿಗೆ ತಲೆ ಕಾದಿತ್ತು. ಅಜ್ಜಿ, ಅದು ಬರೀ ಪ್ಲಾಸ್ಟಿಕ್ಕು ಎಂದುಬಿಟ್ಟೆ. ಅಷ್ಟೇ ಸಾಕಾಯಿತು. ಕಟ್ಟೆ ಖಾಲಿಯಾಯಿತು. ಪೆಟ್ಟಿಗೆಯಲ್ಲಿ ಬಿದ್ದಿದ್ದು ಒಂದು ಒಣಗಿದ ಅರಳಿ ಎಲೆ ಮಾತ್ರ.

ಗೌರಮ್ಮ ನನ್ನನ್ನು ಮನೆಗೆ ಕರೆದುಕೊಂಡು ಹೋಗಿ, ನೀರು ಕೊಟ್ಟು, ಆಮೇಲೆ ಬೈದರು. "ಪ್ಲಾಸ್ಟಿಕ್ ಅಂತ ನಿಮ್ಗೂ ಗೊತ್ತು, ನಮ್ಗೂ ಗೊತ್ತು. ಅನ್ನ ಹಾಕಿದ್ದನ್ನ ಕಸದ ಥರ ಕೊಡಿ ಅಂದ್ರೆ ಯಾರ್ ಕೊಡ್ತಾರೆ ಮೇಡಮ್ಮೋರೆ? ಕಳ್ಸಿಕೊಡೋಕೂ ಒಂದ್ ರೀತಿ ಬ್ಯಾಡ್ವಾ?"

ಮೂರು ಊರು ತಿರುಗಿದರೂ ಈ ಮಾತು ನನ್ನ ತಲೆಗೆ ಹೊಳೆದಿರಲಿಲ್ಲ. ಬೈದದ್ದು ಮುಗಿದ ಮೇಲೆ ಅವರು ವೀಳ್ಯದೆಲೆಯ ತಟ್ಟೆ ತಂದು ನನ್ನ ಮುಂದಿಟ್ಟು, ಅಡಕತ್ತರಿಯಲ್ಲಿ ಅಡಕೆ ಹೋಳು ಮಾಡುತ್ತ ಕೂತರು. ಬೇಸರಕ್ಕೆ ಏನಾದರೂ ಮಾತಾಡಬೇಕಲ್ಲ ಎಂದು ನಾನು ನನ್ನ ಪರ್ಸಿನಿಂದ ನನ್ನದೇ ಹಳೆಯ ಕಾರ್ಡು ತೆಗೆದು, ಈ ಚಿಪ್ಪಿನ ಜಾಗ ಎಷ್ಟು ಗಟ್ಟಿ ನೋಡಿ, ಕತ್ತರಿ ಹಾಕಿದರೆ ಜಾರುತ್ತದೆ, ನನ್ನ ಬೆರಳೆಲ್ಲ ಬೊಬ್ಬೆ ಎಂದು ಗೋಳು ಹೇಳಿಕೊಂಡೆ. ಗೌರಮ್ಮ ಕೈಚಾಚಿ ಕಾರ್ಡು ತೆಗೆದುಕೊಂಡರು. ಅಡಕತ್ತರಿಯ ಬಾಯಿಗೆ ಇಟ್ಟು ಒಂದು ಸಲ ಅದುಮಿದರು. ಕಟ್ ಎಂದು ಚಿಪ್ಪಿನ ಮೂಲೆ ಬೇರೆಯಾಗಿ ತಟ್ಟೆಯೊಳಕ್ಕೆ ಬಿತ್ತು. ಜಾರಲಿಲ್ಲ, ಸಿಡಿಯಲಿಲ್ಲ. ತಿರುಗಿಸಿ ಹಿಂಬದಿಯ ಕರಿ ಪಟ್ಟಿಗೆ ಅಡ್ಡಲಾಗಿ ಇನ್ನೊಂದು ಸಲ ಅದುಮಿದರು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಡಕತ್ತರಿ ಇಲ್ಲದ ಮನೆ ಆ ಸೀಮೆಯಲ್ಲಿ ಎಲ್ಲಿದೆ? ಮದುವೆ ಮಾತುಕತೆಯಾದರೂ, ನಾಮಕರಣವಾದರೂ, ಬಾಗಿನ ಕೊಟ್ಟು ಕಳುಹಿಸುವಾಗಲೂ ತಾಂಬೂಲಕ್ಕೆ ಮೊದಲು ಕೈಗೆ ಬರುವುದು ಅದೇ. ಗೌರಮ್ಮ ಎಲೆ ಅಡಕೆಯನ್ನು ಹಾಗೇ ಬಿಟ್ಟು, ಅಡಕತ್ತರಿ ಹಿಡಿದುಕೊಂಡು ನಿಂಗಜ್ಜಿಯ ಮನೆಗೆ ಹೊರಟರು. ನಾನು ಹಿಂದೆ ಓಡಿದೆ.

ಕಾರ್ಡಿಗೆ ಇದು ಆಗಬಹುದಾ ಎಂದು ಗೌರಮ್ಮ ಕೇಳಿದಾಗ ನಿಂಗಜ್ಜಿ ಅಡಕತ್ತರಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಅಜ್ಜಿಯ ಮೊಮ್ಮಗಳು ಅದೂ ಒಂದು ಕತ್ತರಿಯೇ ಅಲ್ಲವೇ ಎಂದು ಪಿಸುಗುಟ್ಟಿದಳು. ಈ ಹುಡುಗಿ ಎಲ್ಲ ಕೆಡಿಸಿದಳು ಎಂದುಕೊಂಡೆ.

"ಸುಮ್ಕಿರು. ಅದು ಬಟ್ಟೆಗೆ, ಕೂದ್ಲಿಗೆ. ಇದು ತಾಂಬೂಲಕ್ಕೆ" ಎಂದರು ಅಜ್ಜಿ. "ಯಾರ್ನಾರ ಮರ್ವಾದೆಯಿಂದ ಕಳ್ಸಬೇಕಾದ್ರೆ ಎಲೆ ಅಡ್ಕೆ ಕೊಟ್ಟೇ ಕಳ್ಸೋದು. ಇದ್ನೂ ಹಂಗೇ ಕಳ್ಸಣ."

ಅಜ್ಜಿಯ ಹಳೆಯ ಕಾರ್ಡನ್ನು ನಾನು ಅಲ್ಲೇ ಟ್ಯಾಬಿನಲ್ಲಿ ನೋಡಿ, ಪೂರ್ತಿ ಬಂದ್ ಆಗಿದೆ ಎಂದು ಖಾತ್ರಿ ಮಾಡಿಕೊಂಡೆ. ಅವರು ಅದನ್ನು ಮೊರದಲ್ಲಿಟ್ಟು ಅರಿಶಿನ ಕುಂಕುಮ ಹಚ್ಚಿ, ಕಣ್ಣಿಗೊತ್ತಿಕೊಂಡು, ತಾವೇ ಅದುಮಿದರು. ಕೈಗೆ ಬಲ ಸಾಲಲಿಲ್ಲ. ಗೌರಮ್ಮ ಮೇಲೆ ಕೈಯಿಟ್ಟರು. ಕಟ್ ಎಂಬ ಸದ್ದು ಬೀದಿಗೂ ಕೇಳಿಸಿರಬೇಕು, ಸಂಜೆಯ ಹೊತ್ತಿಗೆ ಜನ ತಮ್ಮ ತಮ್ಮ ಮನೆಯ ಅಡಕತ್ತರಿ ಹಿಡಿದುಕೊಂಡು ಅರಳಿಕಟ್ಟೆಗೆ ಬಂದರು. ನಾನು ಕತ್ತರಿಯನ್ನು ಚೀಲದೊಳಗೆ ಬಚ್ಚಿಟ್ಟೆ.

ಅಲ್ಲಿಂದ ಮುಂದೆ ಇದೇ ನಮ್ಮ ಪದ್ಧತಿಯಾಯಿತು. ಮೊದಲು ನಾನು ಕಾರ್ಡು ಬಂದ್ ಮಾಡುವುದು. ಆಮೇಲೆ ಒಡೆಯರೇ ತಮ್ಮ ಕೈಯಾರೆ ಎರಡು ಸಲ ಅದುಮುವುದು, ಚಿಪ್ಪಿನ ಹತ್ತಿರ ಒಂದು, ಕರಿ ಪಟ್ಟಿಗೆ ಅಡ್ಡಲಾಗಿ ಒಂದು. ಚಿಪ್ಪಿನ ತುಂಡು ಡಬ್ಬಿಗೆ, ಉಳಿದದ್ದು ಮೂಟೆಗೆ. ಅರಿಶಿನ ಕುಂಕುಮವನ್ನು ಸಂಘದ ಹೆಂಗಸರು ತೊಳೆದು ಒರೆಸಿ ಒಣಗಿಸುತ್ತಿದ್ದರು. ಹೊಸ ಹುಡುಗರಿಗೆ ಒಂದು ಮಾತು: ಯಂತ್ರ ಕೊಂಡುಕೊಳ್ಳುವ ಮೊದಲು ಜನರ ಮನೆಯೊಳಗೆ ಏನಿದೆ ಎಂದು ಒಮ್ಮೆ ನೋಡಿ.

ಸುದ್ದಿ ಮೇಲಿನ ಕಚೇರಿಗೂ ಮುಟ್ಟಿತು. ಒಬ್ಬ ದೊಡ್ಡ ಅಧಿಕಾರಿ ಫೋನು ಮಾಡಿ, ಬ್ಯಾಂಕಿನ ಕಾರ್ಡನ್ನು ಅಡಕೆ ಕತ್ತರಿಸುವ ಸಾಧನದಿಂದ ತುಂಡು ಮಾಡಲು ಯಾರು ಅನುಮತಿ ಕೊಟ್ಟರು ಎಂದು ಕೇಳಿದರು. ತುಂಡು ಮಾಡಬೇಕು ಎಂದಷ್ಟೇ ನಿಯಮವಿದೆ ಸಾರ್, ಯಾವುದರಿಂದ ಎಂದು ಬರೆದಿಲ್ಲ ಎಂದೆ. ಆಮೇಲೆ ಅವರು ದನಿ ತಗ್ಗಿಸಿ, ನಮ್ಮ ಮನೆಯಲ್ಲೂ ಒಂದಿಷ್ಟು ಹಳೆಯ ಕಾರ್ಡುಗಳಿವೆ, ನಿಜವಾಗಲೂ ಜಾರುವುದಿಲ್ಲವಾ ಎಂದು ವಿಚಾರಿಸಿದರು.

ಹೂಳೆತ್ತುವುದು ಮುಗಿದ ಮೇಲೆ ಮಳೆ ಬಂದು ಕಲ್ಯಾಣಿ ತುಂಬಿತು. ಗೌರಮ್ಮನ ಕೇರಿಯ ಬೋರ್‌ವೆಲ್ಲಿಗೆ ನೀರು ಬಂತು. ಆದರೆ ಊರಿನ ಅರ್ಧ ಜನ ಇನ್ನೂ ಕಾರ್ಡು ಕೊಟ್ಟಿರಲಿಲ್ಲ. ಈ ಹೆಂಗಸರು ಲಕ್ಷ್ಮಿಯನ್ನು ಮೂಟೆ ಕಟ್ಟಿ ಎಲ್ಲಿಗೆ ಸಾಗಿಸುತ್ತಾರೋ ಎಂಬ ಅನುಮಾನ ಅವರಿಗೆ. ಅದಕ್ಕೆ ನಾನು ಕಡೂರು, ತರೀಕೆರೆಯ ಪೆಟ್ಟಿಗೆಗಳನ್ನೂ ಖಾಲಿ ಮಾಡಿಸಿ, ಎಲ್ಲವನ್ನೂ ಒಂದು ಟೆಂಪೋಗೆ ಹೇರಿಸಿ, ಗೌರಮ್ಮನನ್ನೂ ಸಂಘದ ಇನ್ನಿಬ್ಬರನ್ನೂ ಕೂರಿಸಿಕೊಂಡು ಬೆಂಗಳೂರಿನ ಆ ಕಾರ್ಖಾನೆಗೆ ಹೊರಟೆ.

ಮಾಲೀಕರು ತುಂಡುಗಳನ್ನು ಬೊಗಸೆಯಲ್ಲಿ ಹಿಡಿದು ನೋಡಿ, ಚಿಪ್ಪು ಇಷ್ಟು ಶುದ್ಧವಾಗಿ ಬೇರೆಯಾಗಿದ್ದನ್ನು ನೋಡಿಯೇ ಇಲ್ಲ ಎಂದರು. ಯಂತ್ರಕ್ಕೆ ಸುರಿದರು. ಬಣ್ಣ ಬಣ್ಣದ ತುಂಡುಗಳು ರವೆಯ ಹಾಗೆ ಉದುರಿದವು, ಕಾದವು, ಉರುಳೆಗಳ ನಡುವೆ ಹಾದು ಬೂದು ಬಣ್ಣದ ಹಲಗೆಯಾಗಿ ಹೊರಬಂದವು. ಗೌರಮ್ಮ ಆ ಬಿಸಿ ಹಲಗೆಯ ಮೇಲೆ ಅಂಗೈ ಇಟ್ಟು ನಿಂತರು. ಒಂದು ಹಲಗೆ ನಮ್ಮೂರಿಗೆ ಬೇಕು ಎಂದು ಕೇಳಿ ಪಡೆದುಕೊಂಡರು. ವಾಪಸ್ಸು ಬಂದ ಮಾರನೆಯ ದಿನವೇ ಅದು ಕಲ್ಯಾಣಿಯ ಮೊದಲ ಮೆಟ್ಟಿಲ ಹತ್ತಿರ ನಿಂತಿತು. ನೀರಿಗೆ ಏನನ್ನೂ ಹಾಕಬೇಡಿ ಎಂದು ಅದರ ಮೇಲೆ ಬಣ್ಣದಲ್ಲಿ ಬರೆಸಿದ್ದರು. ತಮ್ಮ ಕಾರ್ಡು ಎಲ್ಲಿ ಹೋಯಿತು ಎಂದು ಕೇಳಿದವರಿಗೆಲ್ಲ ನಿಂಗಜ್ಜಿ ಆ ಹಲಗೆಯನ್ನು ತಟ್ಟಿ ತೋರಿಸಿ, ಇಲ್ಲೇ ಕಾವಲು ನಿಂತವಳೆ ನೋಡ್ಕಳಿ ಎನ್ನುತ್ತಿದ್ದರು. ಆಮೇಲೆ ಅನುಮಾನದವರೂ ಒಬ್ಬೊಬ್ಬರಾಗಿ ಬರತೊಡಗಿದರು.

ಆಯುಧಪೂಜೆಯ ದಿನ ನಾನು ರಜೆ ಹಾಕಿ ಆ ಊರಿನಲ್ಲೇ ಇದ್ದೆ. ಬೆಳಗಿನಿಂದ ಅರಳಿಕಟ್ಟೆಯ ಮೇಲೆ ಕಟ್ ಕಟ್ ಎಂಬ ಸದ್ದು ನಿಲ್ಲಲಿಲ್ಲ. ಪೂಜೆ ಮುಗಿಸಿದವರು ತಟ್ಟೆಯಲ್ಲಿ ಹೂವಿನ ಜೊತೆ ಕಾರ್ಡು ತಂದರು. ಹೂವು ಗೊಬ್ಬರದ ಗುಂಡಿಗೆ, ಕಾರ್ಡು ಮೂಟೆಗೆ. ಹಾಗಿದ್ದರೂ ನಾನು ಮತ್ತೆ ಮತ್ತೆ ಕಲ್ಯಾಣಿಯ ಕಡೆ ಹೋಗಿ ನೋಡಿ ಬರುತ್ತಿದ್ದೆ. ಯಾರೋ ಒಬ್ಬರು ಅಭ್ಯಾಸ ಬಲದಿಂದ ಒಂದು ಕಾರ್ಡು ಬಿಟ್ಟರೂ ಗೌರಮ್ಮನ ಕೇರಿಗೆ ನೀರಿಲ್ಲ. ಗೌರಮ್ಮನ ಮುಖದಲ್ಲಿ ಮಾತ್ರ ಏನೂ ಕಾಣುತ್ತಿರಲಿಲ್ಲ. ಸೊಸೆಗೆ ಒಬ್ಬಟ್ಟಿನ ಹದ ಹೇಳುತ್ತಿದ್ದರು.

ವಿಜಯದಶಮಿಯ ಬೆಳಿಗ್ಗೆ ಇಡೀ ಊರು ಕಲ್ಯಾಣಿಯ ಸುತ್ತ ನಿಂತಿತು. ರುದ್ರಪ್ಪನವರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದರು. ಈಜು ಬಲ್ಲ ಇಬ್ಬರು ನೀರಿಗಿಳಿದು, ಬುಟ್ಟಿ ಮುಳುಗಿಸಿ ತಳದ ಕೆಸರನ್ನು ಬಾಚಿ ಬಾಚಿ ತಂದು ಮೆಟ್ಟಿಲ ಮೇಲೆ ಸುರಿದರು. ಹೆಂಗಸರು ಕೈಯಾಡಿಸಿದರು. ಕಲ್ಲು, ತೆಂಗಿನ ಕರಟ, ಒಡೆದ ಬಳೆ. ಒಂದು ಮೂಲೆ ಮುಗಿದು ಇನ್ನೊಂದು ಮೂಲೆ. ಒಂದು ಬುಟ್ಟಿಯಲ್ಲಿ ಏನೋ ಮಿನುಗಿತು. ರುದ್ರಪ್ಪನವರು ಬಗ್ಗಿ ತಾವೇ ಎತ್ತಿಕೊಂಡು, ಹೆಬ್ಬೆರಳಿನಿಂದ ಕೆಸರು ಒರೆಸಿದರು. ಯಾವ ಕಾಲದ್ದೋ ತಾಮ್ರದ ಬಿಲ್ಲೆ, ಹರಕೆ ಹೊತ್ತವರು ಯಾರೋ ಹಾಕಿದ್ದು. ಅವರು ಅದನ್ನು ಮೆಟ್ಟಿಲ ಮೇಲೆ ಇಟ್ಟು, ಇನ್ನೊಂದು ಸುತ್ತು ನೋಡಿ ಎಂದರು. ಇನ್ನೊಂದು ಸುತ್ತೂ ಆಯಿತು. ಕಾರ್ಡು ಇರಲಿಲ್ಲ.

ಯಾರೂ ಕೂಗಲಿಲ್ಲ. ಹೆಂಗಸರು ಒಬ್ಬರನ್ನೊಬ್ಬರು ನೋಡಿ ನಗಲು ಶುರು ಮಾಡಿದರು, ಆ ನಗು ಮೆಟ್ಟಿಲಿಂದ ಮೆಟ್ಟಿಲಿಗೆ ಏರಿ ರಸ್ತೆಯವರೆಗೂ ಹೋಯಿತು. ನಾನು ಅತ್ತೆ. ಬ್ಯಾಂಕಿನಲ್ಲಿ ಕೆಲಸ ಮಾಡಿದ ಅಷ್ಟೂ ವರ್ಷಗಳಲ್ಲಿ ಅಷ್ಟು ಸಂತೋಷ ನನಗೆ ಎಂದೂ ಆಗಿರಲಿಲ್ಲ.

ಕೆದಕಿದ ನೀರು ತಿಳಿಯಾಗಲು ಹೊತ್ತು ಹಿಡಿಯಿತು. ಎಲ್ಲರೂ ಕಾದರು, ರುದ್ರಪ್ಪನವರೂ ಕಾದರು. ಆಮೇಲೆ ಗೌರಮ್ಮ ಮೆಟ್ಟಿಲಿಳಿದು ಒಂದು ಬಿಂದಿಗೆ ನೀರು ತುಂಬಿ ದೇವಸ್ಥಾನಕ್ಕೆ ಕೊಟ್ಟರು. ಎಷ್ಟೋ ವರ್ಷಗಳಿಂದ ಅಲ್ಲಿನ ದೇವರಿಗೆ ಊರಾಚೆಯಿಂದ ಹೊತ್ತು ತಂದ ನೀರಿನಲ್ಲೇ ಅಭಿಷೇಕವಾಗುತ್ತಿತ್ತು. ಅಂದು ಕಲ್ಯಾಣಿಯ ನೀರಿನಲ್ಲಿ ಆಯಿತು. ಅರ್ಚಕರು ತೀರ್ಥದ ಬಟ್ಟಲು, ಉದ್ಧರಣೆ ಚಮಚ ಹಿಡಿದು ಹೊರಗೆ ಬಂದಾಗ ಸಾಲಿನಲ್ಲಿ ಮೊದಲು ಇದ್ದವರು ರುದ್ರಪ್ಪನವರು. ಕಸದ ಗುಂಡಿ ಎಂದು ಗ್ರಾಮಸಭೆಯಲ್ಲಿ ಸಾರಿದವರು ಅವರೇ. ಊರೆಲ್ಲ ಅವರ ಬಲಗೈಯನ್ನೇ ನೋಡುತ್ತಿತ್ತು.

ಅವರು ಒಮ್ಮೆ ಗೌರಮ್ಮನ ಕಡೆ ನೋಡಿದರು. ಅಂಗೈ ಮಡಚಿ ಮುಂದೆ ಚಾಚಿದರು. ತೀರ್ಥ ಕುಡಿದು, ಒದ್ದೆ ಕೈಯನ್ನು ಕಣ್ಣಿಗೊತ್ತಿ ತಲೆಗೆ ಸವರಿಕೊಂಡರು. ಅರ್ಚಕರು ಮುಂದಿನವರತ್ತ ತಿರುಗುವಷ್ಟರಲ್ಲಿ ಅವರು ಮತ್ತೆ ಕೈ ಚಾಚಿದ್ದರು.

"ಇನ್ನೊಂದ್ ಉದ್ಧರಣೆ ಹಾಕಪ್ಪ. ತಣ್ಗೈತೆ."